ದಂಡಿಯ ಪಟ್ಟಿಯಲ್ಲಿ ಮೋಟೆಬೆನ್ನೂರಿನ ಹುಡುಗ

ದಂಡಿ ಯಾತ್ರೆಗೆ ಗಾಂಧೀಜಿಯವರ ಜೊತೆ ಸಾಬರಮತಿಯಿಂದ ಹೊರಟವರ ಹೆಸರಿನ ಪಟ್ಟಿಯೊಂದಿದೆ. ಒಟ್ಟು 78 ಜನ. ಪ್ರಾಂತ್ಯವಾರು ನೋಡಿದರೆ ಗುಜರಾತಿನವರು 31, ಮಹಾರಾಷ್ಟ್ರದವರು 13. ಕರ್ನಾಟಕದವನು ಒಬ್ಬನೇ ಒಬ್ಬ. ಬೋಧನಾಭ್ಯಾಸಕ್ಕೆ ಹಾವೇರಿ ಜಿಲ್ಲೆಯ ಶಾಲೆಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಆ ಪಟ್ಟಿಯಲ್ಲಿ ಮೈಲಾರ ಮಹದೇವಪ್ಪ ಎಂಬ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಮಹಾದೇವ ಮಾರ್ತಾಂಡ, ವಯಸ್ಸು 18. ಗುಜರಾತಿನ ರೂಢಿಯಂತೆ ಮಗನ ಹೆಸರು, ಅದರ ಮುಂದೆ ಅಪ್ಪನ ಹೆಸರು. ಮನೆತನದ ಹೆಸರು ಬಿಟ್ಟುಹೋಗಿದೆ.

ಎಂಟನೆಯ ಅಥವಾ ಹತ್ತನೆಯ ತರಗತಿಗೆ ಸ್ವಾತಂತ್ರ್ಯ ಹೋರಾಟದ ಪಾಠ ಹಿಡಿದು ನಿಂತವರಿಗೆ ಪೀಠಿಕಾ ಪ್ರಶ್ನೆ ಏನು ಕೇಳಬೇಕೆಂಬ ಚಿಂತೆ ಇದ್ದೇ ಇರುತ್ತದೆ. ಈ ಒಂದು ಸಾಲು ಸಾಕು. ಇವನು ಯಾರು, ನಮ್ಮ ಯಾವ ಊರಿನವನು ಎಂದು ಕೇಳಿ ಬಿಟ್ಟುಬಿಡಿ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಕಡೆಯ ಮಕ್ಕಳಿಗೆ ಉಳಿದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ.

ಬಿಟ್ಟುಹೋದ ಮನೆತನದ ಹೆಸರಿನಿಂದಲೇ ಶುರು ಮಾಡೋಣ. ಮೈಲಾರ ಎಂದರೆ ಮೈಲಾರಲಿಂಗ, ಮಾಲತೇಶ. ಅವನ ಇನ್ನೊಂದು ಹೆಸರು ಮಾರ್ತಾಂಡ ಭೈರವ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಗೊರವಪ್ಪ ಎತ್ತರದ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಆ ಒಂದು ಮಾತಿನಲ್ಲಿ ಮಳೆ, ಬೆಳೆ, ರಾಜಕಾರಣ ಎಲ್ಲವನ್ನೂ ಜನ ಹುಡುಕುತ್ತಾರೆ. ಮಣಿ, ಮಲ್ಲರೆಂಬ ರಾಕ್ಷಸರನ್ನು ಕೊಲ್ಲಲು ಶಿವನು ಮಾರ್ತಾಂಡ ಭೈರವನಾಗಿ ಏಳು ಕೋಟಿ ಸೈನ್ಯದೊಂದಿಗೆ ಬಂದನೆಂಬ ಕಥೆ ಈ ಸೀಮೆಯ ಮಕ್ಕಳಿಗೆ ಹಾಲಿನ ಜೊತೆ ಬಂದದ್ದು. ಮನೆತನ ಮೈಲಾರ, ತಂದೆ ಮಾರ್ತಾಂಡಪ್ಪ, ಮಗ ಮಹದೇವಪ್ಪ. ಒಂದೇ ಮನೆಯ ಈ ಮೂರು ಹೆಸರುಗಳಲ್ಲಿ ಈ ಭಾಗದ ಜಾನಪದವೇ ಕುಳಿತಿದೆ. ಆಮೇಲೆ ನಡೆದದ್ದನ್ನು ದೈವದ ಲೀಲೆಯೆಂದು ಹೇಳಲು ಇದನ್ನು ಬಳಸಬೇಡಿ. ಹೆಸರು ಎಲ್ಲಿಂದ ಬಂತು ಎಂಬಷ್ಟಕ್ಕೆ ನಿಲ್ಲಿಸಿದರೆ ಸರಿ.

ಮಹದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ. ತಾಯಿ ಬಸಮ್ಮ. ಆಗ ಇದೆಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಕರ್ನಾಟಕ ಎಂಬ ರಾಜ್ಯವೂ ಇರಲಿಲ್ಲ. ಆದರೂ ದಂಡಿಯ ಪಟ್ಟಿಯಲ್ಲಿ ಪ್ರಾಂತ್ಯದ ಹೆಸರು ಕರ್ನಾಟಕ ಎಂದೇ ಇದೆ. ಕಾಂಗ್ರೆಸ್ ಭಾಷೆಗಳನ್ನು ನೋಡಿ ತನ್ನ ಪ್ರಾಂತ್ಯ ಸಮಿತಿಗಳನ್ನು ಕಟ್ಟಿಕೊಂಡಿತ್ತು. ಕನ್ನಡ ಸೀಮೆಗಳು ಒಂದಾಗಲು 1956 ಬರಬೇಕಾಯಿತು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಲು 1973. ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆಯುವವರು ಈ ಮೂರು ವರ್ಷಗಳನ್ನು ಮಹದೇವಪ್ಪನ ಹುಟ್ಟಿನ ವರ್ಷದ ಪಕ್ಕದಲ್ಲಿಡಲಿ. ಇಲ್ಲದಿದ್ದರೆ ಮಕ್ಕಳು ಇವತ್ತಿನ ನಕ್ಷೆಯನ್ನೇ 1911ಕ್ಕೂ ಹಾಕಿಕೊಳ್ಳುತ್ತಾರೆ.

ಮೋಟೆಬೆನ್ನೂರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ರೈಲು ಹತ್ತಿರದ ಬ್ಯಾಡಗಿಯಲ್ಲೇ ಸಿಗುತ್ತದೆ. ಹೆದ್ದಾರಿಯೂ ರೈಲೂ ಹಾದುಹೋಗುವ ಕಡೆ ಸುದ್ದಿ ಬೇಗ ಬರುತ್ತದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಮಹದೇವಪ್ಪನಿಗೆ ಹದಿಮೂರು. ಅಧಿವೇಶನದ ಗಾಳಿ ಧಾರವಾಡ ಜಿಲ್ಲೆಯ ಹಳ್ಳಿಹಳ್ಳಿಗೂ ಬೀಸಿತು. ಖಾದಿ ಉಡುವವರು, ಚರಕ ತಿರುಗಿಸುವವರು ಊರೂರಿನಲ್ಲಿ ಹುಟ್ಟಿಕೊಂಡರು. ಇದು ಹತ್ತಿ ಬೆಳೆಯುವ ನೆಲ. ಅರಳೆ ಹಿಂಜಿ ಹಂಜಿ ಮಾಡಿ ನೂಲು ತೆಗೆಯುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಮಹದೇವಪ್ಪ ಖಾದಿಯ ಕೆಲಸಕ್ಕೆ ಬಿದ್ದದ್ದು ಹೀಗೆ. ಆ ಕೆಲಸವನ್ನು ಚೆನ್ನಾಗಿ ಕಲಿಯಲೆಂದು ಸಾಬರಮತಿಗೂ ಹೋದ. ದಂಡಿಯ ಪಟ್ಟಿಗೆ ಅವನ ಹೆಸರನ್ನು ಸೇರಿಸಿದ್ದು ಭಾಷಣವಲ್ಲ, ನೂಲು. ಮಕ್ಕಳಿಗೆ ತಕ್ಕಲಿಯೊಂದನ್ನು ತೋರಿಸಿ ಒಂದು ಮೊಳ ನೂಲು ತೆಗೆಯಲು ಹೇಳಿ ನೋಡಿ. ಅರ್ಧ ತರಗತಿಯಲ್ಲಿ ಎಳೆ ಹರಿಯುತ್ತದೆ. ಆ ಕೆಲಸ ಎಷ್ಟು ತಾಳ್ಮೆ ಬೇಡುತ್ತದೆಂದು ಅವರಿಗೆ ಬೆರಳಿನಲ್ಲೇ ತಿಳಿಯುತ್ತದೆ.

1930ರ ಮಾರ್ಚ್ 12ರ ಬೆಳಿಗ್ಗೆ ಯಾತ್ರೆ ಹೊರಟಿತು. ದಂಡಿಯವರೆಗಿನ ದಾರಿ ಸುಮಾರು 385 ಕಿಲೋಮೀಟರು, ತೆಗೆದುಕೊಂಡದ್ದು 24 ದಿನ. ದಿನಕ್ಕೆ ಸರಾಸರಿ 16 ಕಿಲೋಮೀಟರು ಆಗುತ್ತದೆ. ಸೋಮವಾರ ಗಾಂಧೀಜಿಯವರ ಮೌನದ ದಿನವಾದ್ದರಿಂದ ಅಂದು ನಡಿಗೆಯಿಲ್ಲ, ಉಳಿದ ದಿನಗಳಲ್ಲಿ ಸರಾಸರಿಗಿಂತ ಹೆಚ್ಚೇ ನಡೆಯಬೇಕು. ಪಟ್ಟಿಯಲ್ಲಿ ಹದಿನಾರರ ಹುಡುಗನೂ ಇದ್ದ, ನೇಪಾಳದವರೊಬ್ಬರೂ ಇದ್ದರು. ಗಾಂಧೀಜಿಯವರಿಗೆ ಅರವತ್ತು ದಾಟಿತ್ತು. ನಡೆದು ದಣಿದರೂ ಪ್ರತಿ ಯಾತ್ರಿಕನೂ ದಿನವೂ ಪ್ರಾರ್ಥನೆ ಮಾಡಬೇಕು, ಗೊತ್ತಾದಷ್ಟು ನೂಲಬೇಕು, ದಿನಚರಿ ಬರೆಯಬೇಕು. ಊರಿನವರು ಕೊಡುವ ಊಟ ಸಾದಾ ಇರಬೇಕು. ಇದು ಮೆರವಣಿಗೆಯಲ್ಲ, ನಡೆಯುವ ಆಶ್ರಮ. ಶಿಸ್ತಿನ ಈ ಭಾಗವನ್ನು ನಮ್ಮ ಪಾಠಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ಮಹದೇವಪ್ಪನ ಕಥೆಯಲ್ಲಿ ಹಾಗೆ ದಾಟುವಂತಿಲ್ಲ. ಮುಂದೆ ಹೊಸರಿತ್ತಿಯಲ್ಲಿ ನಡೆದದ್ದನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಈ 24 ದಿನಗಳಿರಬೇಕು.

ಏಪ್ರಿಲ್ 5ರಂದು ದಂಡಿ ತಲುಪಿ, 6ರ ಬೆಳಿಗ್ಗೆ ಉಪ್ಪೆತ್ತಿದರು. ಉಪ್ಪಿನ ಕಾಯಿದೆಯ ಪ್ರಕಾರ ಉಪ್ಪು ಮಾಡುವುದೂ ಮಾರುವುದೂ ಸರ್ಕಾರದ ಹಿಡಿತದಲ್ಲಿತ್ತು, ಅದರ ಮೇಲೆ ತೆರಿಗೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಬ್ಯಾಡಗಿಯ ಕೆಂಪು ಮೆಣಸಿನಕಾಯಿ ದೇಶಕ್ಕೆಲ್ಲ ಹೋಗುತ್ತದೆ, ಖಾರಕ್ಕೆ ನಮಗೆ ಬಡತನವಿಲ್ಲ. ಆದರೆ ರೊಟ್ಟಿಯ ಮೇಲಿನ ಆ ಖಾರಕ್ಕೆ ಬೇಕಾದ ಉಪ್ಪು ಕರಾವಳಿಯಿಂದಲೇ ಬರಬೇಕು. ಹೊಲವಿದ್ದವನೂ ಕೂಲಿಯವನೂ ಅದನ್ನು ಕೊಳ್ಳಲೇಬೇಕು. ಎಷ್ಟು ಬಡವನಾದರೂ ತೆರಿಗೆಯಿಂದ ತಪ್ಪಿಸಿಕೊಳ್ಳಲಾಗದಂತೆ ಮಾಡುವ ಸಾಮಾನು ಅದೊಂದೇ. ದಂಡಿಯಾಗಿ ಒಂದೇ ವಾರಕ್ಕೆ, ಏಪ್ರಿಲ್ 13ರಂದು, ನಮ್ಮ ಅಂಕೋಲೆಯಲ್ಲೂ ಉಪ್ಪಿನ ಕಾಯಿದೆ ಮುರಿದರು. ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಕಂಡ ಮಕ್ಕಳು ತರಗತಿಯಲ್ಲಿದ್ದರೆ ಅವರನ್ನೇ ಮಾತಾಡಿಸಿ.

ಯಾತ್ರೆಯ ನಂತರ ಮಹದೇವಪ್ಪ ಜೈಲುವಾಸ ಅನುಭವಿಸಿದರು. ಅಷ್ಟರಲ್ಲಿ ಹುಡುಗ ಹೋಗಿ ಕಾರ್ಯಕರ್ತ ಆಗಿದ್ದರು. ಹೆಂಡತಿ ಸಿದ್ದಮ್ಮನವರೂ ಸಾಬರಮತಿಯ ಬದುಕನ್ನು ಕಂಡವರು, ಚಳವಳಿಯಲ್ಲಿ ಜೈಲು ಕಂಡವರು. ಹಳ್ಳಿಯ ಹೆಣ್ಣುಮಗಳೊಬ್ಬಳು ತನ್ನ ಭಾಷೆಯೂ ನಡೆಯದ ದೂರದ ಊರಿಗೆ ಹೋಗಿ ಆಶ್ರಮದ ನಿಯಮಕ್ಕೆ ಹೊಂದಿಕೊಂಡು, ಮುಂದೆ ಜೈಲಿಗೂ ಹೋಗುವುದು 1930ರ ದಶಕದಲ್ಲಿ ಸಣ್ಣ ಮಾತಾಗಿರಲಿಲ್ಲ. ನಮ್ಮ ಪಾಠ ಯೋಜನೆಗಳಲ್ಲಿ ಅವರಿಗೆ ಸಿಗುವುದು ಪತ್ನಿ ಎಂಬ ಒಂದು ಶಬ್ದ. ಹೆಣ್ಣುಮಕ್ಕಳೇ ಹೆಚ್ಚಿರುವ ತರಗತಿಯಲ್ಲಿ ಪಾಠವನ್ನು ಸಿದ್ದಮ್ಮನವರ ಕಡೆಯಿಂದಲೇ ಹೇಳಬಹುದು, ಏನೂ ಕೊರತೆಯಾಗದು.

ಊರ ಕಡೆ ಬಂದ ಮೇಲೆ ಮಹದೇವಪ್ಪನವರು ಮಾಡಿದ ದೊಡ್ಡ ಕೆಲಸ ಹಾವೇರಿ ತಾಲ್ಲೂಕಿನ ಕೊರಡೂರಿನ ಸೇವಾಶ್ರಮ. ಊರು ವರದಾ ನದಿಯ ದಂಡೆಯಲ್ಲಿದೆ. ಅಲ್ಲಿ ಸುತ್ತಲ ಹಳ್ಳಿಗಳ ಹುಡುಗರಿಗೆ ನೂಲುವುದು, ನೇಯುವುದು, ವ್ಯಾಯಾಮ, ಪ್ರಾರ್ಥನೆ, ಗ್ರಾಮಸೇವೆ ಎಲ್ಲವನ್ನೂ ಕಲಿಸಿದರು. ಒಂದು ಅರ್ಥದಲ್ಲಿ ಅವರು ನಮ್ಮ ವೃತ್ತಿಯವರೇ. ತಾನು ಹದಿನೆಂಟರಲ್ಲಿ ಕಲಿತ ಶಿಸ್ತನ್ನು ಹದಿನೆಂಟರ ಹುಡುಗರಿಗೆ ಕಲಿಸಿದವರು. ಈ ವರ್ಷಗಳಲ್ಲಿ ರೋಚಕವೆನ್ನುವಂಥದ್ದೇನೂ ಇಲ್ಲ, ಆದ್ದರಿಂದಲೇ ಇವು ಕಥೆಯಿಂದ ಜಾರಿಹೋಗುತ್ತವೆ. ಆದರೆ 1942ರಲ್ಲಿ ಅವರ ಹಿಂದೆ ನಿಂತವರು ಎಲ್ಲಿಂದ ಬಂದರು, ಹಳ್ಳಿಗಳವರು ರಾತ್ರಿ ಬಾಗಿಲು ತೆರೆದು ರೊಟ್ಟಿ ಕೊಟ್ಟದ್ದೇಕೆ ಎಂಬುದಕ್ಕೆ ಉತ್ತರ ಕೊರಡೂರಿನಲ್ಲಿದೆ.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ಠರಾವು ಪಾಸಾಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿ ಸೇರಿ ಮುಖಂಡರೆಲ್ಲ ಬಂಧನದಲ್ಲಿದ್ದರು. ಹೇಳುವವರಿಲ್ಲ, ತಡೆಯುವವರೂ ಇಲ್ಲ. ಕನ್ನಡ ಸೀಮೆಯಲ್ಲಿ ರಂಗರಾವ್ ದಿವಾಕರರಂಥವರು ಭೂಗತರಾಗಿ ಚಳವಳಿ ನಡೆಸಿದರು. ಸರ್ಕಾರದ ಯಂತ್ರ ನಿಲ್ಲಬೇಕು, ಆದರೆ ಜೀವಕ್ಕೆ ಹಾನಿಯಾಗಬಾರದು ಎಂಬುದು ಅವರ ನೀತಿ. ತಂತಿ ಕತ್ತರಿಸುವುದು, ಟಪಾಲು ಚೀಲ ಕಸಿಯುವುದು, ಚಾವಡಿಯ ದಫ್ತರ ಸುಡುವುದು ಧಾರವಾಡ ಜಿಲ್ಲೆಯ ಉದ್ದಕ್ಕೂ ನಡೆಯಿತು. ಮಹದೇವಪ್ಪನವರು ತಮ್ಮ ತಂಡ ಕಟ್ಟಿಕೊಂಡು ಇದೇ ದಾರಿಗೆ ಇಳಿದರು. ಪೊಲೀಸರು ಹುಡುಕುತ್ತಿದ್ದರು. ವರದಾ ದಂಡೆಯ ಹಳ್ಳಿಗಳು ಅವರನ್ನು ಬಚ್ಚಿಟ್ಟುಕೊಂಡವು.

ಅದೇ ಹೊತ್ತಿಗೆ ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿಕೊಂಡಿತ್ತು. ಅಲ್ಲಿನ ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಗಲ್ಲಿಗೇರಿಸಿದರು. ಗಾಂಧೀಜಿಯವರು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಫೆಬ್ರವರಿ 10ರಿಂದ 21 ದಿನ ಉಪವಾಸವಿದ್ದು ಮಾರ್ಚ್ 3ರಂದು ಮುಗಿಸಿದ್ದರು. ಹೊಸರಿತ್ತಿಯ ಏಪ್ರಿಲ್ 1 ಬಂದದ್ದು ಈ ಎರಡು ಸುದ್ದಿಗಳ ಬೆನ್ನಿಗೆ. ದಿನಾಂಕಗಳನ್ನು ಬಾಯಿಪಾಠಕ್ಕಾಗಿ ಅಲ್ಲ, ಹೀಗೆ ಒಂದರ ಪಕ್ಕ ಒಂದನ್ನಿಟ್ಟು ನೋಡುವುದಕ್ಕಾಗಿ ಕಲಿಸಬೇಕು.

ಹೊಸರಿತ್ತಿಯೂ ಹಾವೇರಿ ತಾಲ್ಲೂಕಿನಲ್ಲಿ, ವರದಾ ತೀರದಲ್ಲೇ ಇರುವ ಊರು. ಸುಗ್ಗಿ ಮುಗಿದು ರೈತರಿಂದ ಬಂದ ಭೂಕಂದಾಯದ ಹಣವನ್ನು ಊರಿನ ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದರು. ಆ ಹಣವನ್ನು ಸರ್ಕಾರದ ಕೈಗೆ ಹೋಗಗೊಡಬಾರದೆಂದು ಮಹದೇವಪ್ಪನವರ ತಂಡ ಅಲ್ಲಿಗೆ ನುಗ್ಗಿತು. ಪೊಲೀಸರು ಗುಂಡು ಹಾರಿಸಿದರು. ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಅಲ್ಲಿ ಸತ್ತರು. ಮಹದೇವಪ್ಪನವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ದಂಡಿಯಲ್ಲಿ ಉಪ್ಪೆತ್ತಿದ ದಿನದಿಂದ ಎಣಿಸಿದರೆ ಹದಿಮೂರು ವರ್ಷಕ್ಕೆ ಐದು ದಿನ ಕಡಿಮೆ.

ಇನ್ನು ತರಗತಿಯ ಮಾತು. ಈ ಪಾಠ ಮಾಡಿದಲ್ಲೆಲ್ಲ ಒಂದು ಪ್ರಶ್ನೆ ಏಳಬೇಕು, ಏಳದಿದ್ದರೆ ಪಾಠ ತಟ್ಟಿಲ್ಲವೆಂದೇ ಅರ್ಥ. ಗಾಂಧೀಜಿಯವರ ಜೊತೆ ನಡೆದವರು ಕಂದಾಯದ ಹಣಕ್ಕೆ ನುಗ್ಗಬಹುದೇ, ಅದು ಕಳವಲ್ಲವೇ ಎಂದು ಯಾವುದೋ ಬೆಂಚಿನಿಂದ ಒಂದು ಹುಡುಗಿ ಕೇಳುತ್ತಾಳೆ. ಆಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಎರಡು ದಾರಿ ಹಿಡಿಯುವುದುಂಟು. ಒಂದು, ಹುತಾತ್ಮರ ಬಗ್ಗೆ ಹಾಗೆಲ್ಲ ಕೇಳಬಾರದೆಂದು ಕೂರಿಸುವುದು. ಇನ್ನೊಂದು, ಸಿನಿಮಾದ ನಾಯಕನ ಹಾಗೆ ವರ್ಣಿಸಿ ಚಪ್ಪಾಳೆ ಹೊಡೆಸುವುದು. ಎರಡರಲ್ಲೂ ಆ ಹುಡುಗಿಯ ಪ್ರಶ್ನೆ ಸತ್ತುಹೋಗುತ್ತದೆ. ನನಗೆ ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ಕೆಡುಕೆನಿಸುತ್ತದೆ, ಏಕೆಂದರೆ ವೀಕ್ಷಣೆಗೆ ಕುಳಿತವರೂ ಅದಕ್ಕೆ ಒಳ್ಳೆಯ ಅಂಕ ಕೊಟ್ಟುಬಿಡುತ್ತಾರೆ.

ಪ್ರಶ್ನೆಗೆ ಬೇಕಾದ ಸಾಮಗ್ರಿ ಚರಿತ್ರೆಯಲ್ಲೇ ಇದೆ, ಮಕ್ಕಳ ಮುಂದೆ ಹರವಿದರೆ ಸಾಕು. ಮುಂಬಯಿ ಪ್ರಾಂತ್ಯದ ರೈತವಾರಿ ಪದ್ಧತಿಯಲ್ಲಿ ಪ್ರತಿ ರೈತ ತನ್ನ ಹೊಲದ ಕಂದಾಯವನ್ನು ನೇರವಾಗಿ ಸರ್ಕಾರಕ್ಕೆ ಕಟ್ಟಬೇಕಿತ್ತು. ಗೌಡ, ಕುಲಕರ್ಣಿ, ಚಾವಡಿ, ದಫ್ತರ, ಇವೇ ಹಳ್ಳಿಯವನ ಕಣ್ಣಿಗೆ ಕಂಡ ಬ್ರಿಟಿಷ್ ಸರ್ಕಾರ. ವೈಸರಾಯನನ್ನು ಅವನು ಕಂಡವನಲ್ಲ. ದಂಡಿಯಲ್ಲಿ ಮುರಿದದ್ದು ಅಡುಗೆಮನೆಗೆ ಬಂದ ತೆರಿಗೆಯನ್ನು, ಹೊಸರಿತ್ತಿಯಲ್ಲಿ ತಡೆಯಹೊರಟದ್ದು ಹೊಲಕ್ಕೆ ಬಂದ ತೆರಿಗೆಯನ್ನು. ವಾದ ಒಂದೇ. ಬದಲಾದದ್ದು ದಾರಿ. ದಂಡಿಯಲ್ಲಿ ಹೋಗುವ ದಿನ, ದಾರಿ, ಉದ್ದೇಶ ಎಲ್ಲವನ್ನೂ ಮೊದಲೇ ಸರ್ಕಾರಕ್ಕೆ ತಿಳಿಸಿ ಹೊರಟಿದ್ದರು. ಹೊಸರಿತ್ತಿಯಲ್ಲಿ ಗುಟ್ಟಿತ್ತು.

ಇನ್ನೊಂದು ವಿಷಯವನ್ನೂ ಮಕ್ಕಳಿಂದ ಮುಚ್ಚಿಡಬಾರದು. 1944ರ ಮೇ 6ರಂದು ಬಿಡುಗಡೆಯಾಗಿ ಬಂದ ಗಾಂಧೀಜಿಯವರು ಗುಟ್ಟಿನ ಕೆಲಸವೂ ವಿಧ್ವಂಸವೂ ತಮ್ಮ ಅಹಿಂಸೆಗೆ ಹೊಂದುವುದಿಲ್ಲವೆಂದು ತಿಳಿಸಿ, ಭೂಗತರು ಹೊರಬರಬೇಕೆಂದು ಸೂಚಿಸಿದರು. ದಿವಾಕರರು ಹೊರಬಂದರು. ಆ ಮಾತು ಕೇಳಲು ಮಹದೇವಪ್ಪನವರು ಇರಲಿಲ್ಲ. ಕೇಳಿದ್ದರೆ ಏನು ಮಾಡುತ್ತಿದ್ದರೆಂದು ಗುಂಪುಗಳಲ್ಲಿ ಚರ್ಚಿಸಲಿ. ಒಂದು ಗುಂಪು ಸರಿಯೆಂದೂ ಒಂದು ತಪ್ಪೆಂದೂ ಹೇಳಿದರೆ ಎರಡನ್ನೂ ಹಲಗೆಯ ಮೇಲೆ ಬರೆದು ಕಾರಣ ಕೇಳಿ. ನಿಮ್ಮ ತೀರ್ಪನ್ನು ಕೊನೆಗೆ ಸೇರಿಸುವ ಆಸೆಯನ್ನು ತಡೆದುಕೊಳ್ಳಿ. ಮೌಲ್ಯಮಾಪನದ ಅಂಕಣದಲ್ಲಿ ಸರಿಯುತ್ತರ ಬರೆಯಲಾಗದ ಪಾಠವೊಂದು ಘಟಕದಲ್ಲಿ ಇರಲಿ.

ಅಭಿನಯದ ಬಗ್ಗೆ ಒಂದು ಮಾತು. ಗುಂಡಿನ ದೃಶ್ಯವನ್ನು ಮಕ್ಕಳಿಂದ ಆಡಿಸುವ ಗೀಳು ನಮ್ಮಲ್ಲಿದೆ. ಬೀಳುವುದು ಮಕ್ಕಳಿಗೆ ಆಟ, ಬಿದ್ದವನು ನಗುತ್ತಾ ಏಳುತ್ತಾನೆ, ಸಾವು ಅಲ್ಲಿಗೆ ತಮಾಷೆಯಾಗುತ್ತದೆ. ಅದರ ಬದಲು ಚಾವಡಿಯಲ್ಲಿ ಕಂದಾಯ ಕಟ್ಟುವ ದೃಶ್ಯ ಆಡಿಸಿ. ಒಬ್ಬ ಕುಲಕರ್ಣಿ, ಒಬ್ಬ ವಾಲೀಕಾರ, ಮಳೆ ಕೈಕೊಟ್ಟ ನಾಲ್ಕು ಜನ ರೈತರು. ಪಾತ್ರ ಮಾಡುವ ಮಕ್ಕಳು ಮನೆಯಲ್ಲಿ ಅಜ್ಜನನ್ನು ಕೇಳಿಕೊಂಡು ಬಂದರೆ ಮಾತುಗಳು ತಾವಾಗಿ ಬರುತ್ತವೆ. ಮಹದೇವ ಎಂಬ ಹೆಸರಿನಲ್ಲಿ ಗೊಂದಲವಾಗುವುದೂ ಉಂಟು. ಗಾಂಧೀಜಿಯವರ ಕಾರ್ಯದರ್ಶಿ ಮಹದೇವ ದೇಸಾಯಿ ಬೇರೆ, ಅವರು 1942ರ ಆಗಸ್ಟ್ 15ರಂದು ಆಗಾಖಾನ್ ಅರಮನೆಯಲ್ಲೇ ತೀರಿಕೊಂಡವರು. ಇಬ್ಬರನ್ನೂ ಒಂದೇ ಎಂದುಕೊಂಡ ಉತ್ತರ ಪತ್ರಿಕೆ ಬಂದರೆ ಅಚ್ಚರಿಪಡಬೇಡಿ.

ನೋಡಿ ಬರುವ ಕುತೂಹಲವಿದ್ದವರಿಗೆ ಒಂದು ದಿನದ ದಾರಿ ಸಾಕು. ಮೋಟೆಬೆನ್ನೂರಿನಿಂದ ಹೊರಟು ಹೆದ್ದಾರಿ ಹಿಡಿದು ಹಾವೇರಿ. ರೈಲು ನಿಲ್ದಾಣಕ್ಕೆ ಈಗ ಮಹದೇವಪ್ಪ ಮೈಲಾರ ಎಂಬ ಹೆಸರಿದೆ. ಊರಿನಲ್ಲಿ ಅವರ ಸ್ಮಾರಕ ವೀರಸೌಧವಿದೆ. ಹೊತ್ತಿದ್ದರೆ ಪಶ್ಚಿಮಕ್ಕೆ ಮುಖ ಮಾಡಿದ ಸಿದ್ಧೇಶ್ವರ ದೇವಸ್ಥಾನವನ್ನೂ ನೋಡಿ, ಚಾಲುಕ್ಯರ ಕೆಲಸ. ದೇವಾಲಯಗಳು ಸಾಮಾನ್ಯವಾಗಿ ಪೂರ್ವಕ್ಕಿರುವಾಗ ಇದೇಕೆ ಹೀಗೆ ಎಂದು ಮಕ್ಕಳೇ ಕೇಳುತ್ತಾರೆ. ಅಲ್ಲಿಂದ ವರದೆಯ ಕಡೆಗೆ ತಿರುಗಿದರೆ ಕೊರಡೂರು, ಹೊಸರಿತ್ತಿ. ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವೂ ಇದೆ, ಮಕ್ಕಳು ಓದಿನ ಜೊತೆ ಹೊಲದ ಕೆಲಸ ಮಾಡುವ ವಸತಿ ಶಾಲೆ. ಇನ್ನೂ ಮುಂದೆ ಹೋದರೆ ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಸೇರುತ್ತಾಳೆ. ಹೊರಸಂಚಾರಕ್ಕೆ ಬೇಸಿಗೆ ಬಿಟ್ಟು ಬೇರೆ ಕಾಲವನ್ನು ಆರಿಸುವುದು ನಮ್ಮ ರೂಢಿ. ಈ ದಾರಿಗೆ ಮಾತ್ರ ಮಾರ್ಚ್ ಕೊನೆಯೇ ಒಳ್ಳೆಯದು. ಹೊಲಗಳು ಖಾಲಿ, ಹೊಳೆಯಲ್ಲಿ ನೀರು ಕಡಿಮೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟು. ಅವರು ನಡೆದಾಡಿದ ಕೊನೆಯ ದಿನಗಳು ಇದೇ ಋತುವಿನವು.

ಹೊಸರಿತ್ತಿಗೆ ಹೋದಾಗ ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಒಂದು ಹೆಸರನ್ನಷ್ಟೇ ಬರೆದುಕೊಂಡು ಬಸ್ಸು ಹತ್ತದಂತೆ ನೋಡಿಕೊಳ್ಳಿ. ಅಂಚೆ ಚೀಟಿಯೂ ರೈಲು ನಿಲ್ದಾಣವೂ ಮಹದೇವಪ್ಪನವರಿಗೆ ಬಂದಿವೆ. ಏಪ್ರಿಲ್ 1ರಂದು ಸತ್ತವರು ಮೂವರು. ಹಲಗೆಯ ಮೇಲೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಹೆಸರುಗಳನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಪಾಠ ಮುಗಿಯುವವರೆಗೆ ಅಳಿಸಬೇಡಿ.